ನಾವು ಕಳಿಸಿದ ‘ಗರುಡ’ ಹದ್ದಾಗಿತ್ತು: ನಲ್ಲೂರು ಹುಣಸೆ ತೋಪಿನಲ್ಲಿ ಹಕ್ಕಿ ನೋಡಿದ ಒಂದು ಬೆಳಗ್ಗೆ

ಹುಣಸೆ ಮರಗಳ ಮೇಲೆ ರೆಕ್ಕೆ ಚಾಚಿ ತೇಲುತ್ತಿರುವ ದೊಡ್ಡ ಹಕ್ಕಿ. ಹಿಂದೆ ಆಗಷ್ಟೇ ಮೇಲೆ ಬಂದ ಸೂರ್ಯ. ಕೆಳಗೆ ಹೀಗೊಂದು ಬರಹ: “ನಲ್ಲೂರು ಹುಣಸೆ ತೋಪಿನಲ್ಲಿ ಮುಂಜಾನೆಯ ಗರುಡ ದರ್ಶನ. ನೋಡಿದವರಿಗೆ ಅಂದುಕೊಂಡ ಕೆಲಸ ಆಗುತ್ತದೆ. ಹನ್ನೊಂದು ಜನರಿಗೆ ಕಳಿಸಿ.”

ಚಳಿಗಾಲದ ಒಂದು ಭಾನುವಾರ ಮಧ್ಯಾಹ್ನ ಈ ಸಂದೇಶ ನಮ್ಮ ಫೋನಿಗೆ ಬಂತು. ಜೊತೆಗೆ ಎರಡು ಬಾಣದ ಗುರುತಿತ್ತು. ಐದಕ್ಕಿಂತ ಕಡಿಮೆಯಿಲ್ಲದಷ್ಟು ಬಾರಿ ಕೈಯಿಂದ ಕೈಗೆ ದಾಟಿದ ಸಂದೇಶಕ್ಕೆ ವಾಟ್ಸಾಪ್ ಈ ಗುರುತು ಹಾಕುತ್ತದೆ. ಇಂಥ ಫಾರ್ವರ್ಡ್‌ಗಳ ಮೂಲ ಹುಡುಕುವುದು ನಮಗೆ ದಿನದ ಕೆಲಸ. ಈ ಸಲ ಮಾತ್ರ ಹುಡುಕಬೇಕಾಗಲಿಲ್ಲ. ಆ ಫೋಟೋ ತೆಗೆದವರು ನಾವೇ. ಅದೇ ದಿನ ಬೆಳಗ್ಗೆ ಏಳೂವರೆಗೆ ತೆಗೆದು, “ಗರುಡ!” ಎಂದು ಬರೆದು ಮನೆಯ ಗ್ರೂಪಿಗೆ ಹಾಕಿದವರೂ ನಾವೇ.

ಅದು ಗರುಡ ಆಗಿರಲಿಲ್ಲ, ಹದ್ದಾಗಿತ್ತು.

ನಮ್ಮಿಂದಾದ ಈ ತಪ್ಪನ್ನು ಮುಚ್ಚಿಡುವುದಕ್ಕಿಂತ ಬಿಡಿಸಿ ಹೇಳುವುದೇ ಸರಿ ಎನಿಸಿತು. ಗುಂಪಿನಲ್ಲಿ ಹಕ್ಕಿ ನೋಡಲು ಹೋದರೆ ಅಲ್ಲಿ ಏನು ನಡೆಯುತ್ತದೆ, ಹಕ್ಕಿಯನ್ನು ಗುರುತಿಸುವುದು ಹೇಗೆ, ಹಕ್ಕಿಗಳ ಬಗ್ಗೆ ನಮ್ಮ ಫೋನುಗಳಲ್ಲಿ ಓಡಾಡುವ ಮಾತುಗಳಲ್ಲಿ ನಿಜ ಎಷ್ಟು ಎಂಬುದನ್ನು ಆ ಬೆಳಗಿನ ನೆಪದಲ್ಲೇ ನೋಡೋಣ.

ಅಷ್ಟು ಬೆಳಗ್ಗೆ ಯಾಕೆ ಹೋಗಬೇಕು?

ನಲ್ಲೂರು ಇರುವುದು ದೇವನಹಳ್ಳಿ ತಾಲ್ಲೂಕಿನಲ್ಲಿ, ಸೂಲಿಬೆಲೆ ಕಡೆ ಹೋಗುವ ರಸ್ತೆಯಲ್ಲಿ. ಇಲ್ಲಿನ ಹುಣಸೆ ತೋಪು ಐವತ್ತಕ್ಕೂ ಹೆಚ್ಚು ಎಕರೆ ಇದೆ. 2002ರ ಜೀವವೈವಿಧ್ಯ ಕಾಯ್ದೆಯ ಅಡಿಯಲ್ಲಿ ದೇಶದ ಮೊದಲ ‘ಜೀವವೈವಿಧ್ಯ ಪಾರಂಪರಿಕ ತಾಣ’ ಎಂದು 2007ರಲ್ಲಿ ಘೋಷಣೆಯಾದದ್ದು ಇದೇ ತೋಪು. ಸುಮಾರು ಮುನ್ನೂರು ಹುಣಸೆ ಮರಗಳಿವೆ. ಚೋಳರ ಕಾಲದ ಮರಗಳು ಎಂಬುದು ಊರಿನವರ ನಂಬಿಕೆ. ಹಳೆಯ ಮರಗಳ ಬುಡ ನಾಲ್ಕಾರು ಜನ ಕೈ ಹಿಡಿದು ನಿಂತರೂ ತಬ್ಬಲಾಗದಷ್ಟು ದಪ್ಪ, ಮೈತುಂಬ ಪೊಟರೆ. ಪೊಟರೆ ಇದ್ದಲ್ಲಿ ಗಿಳಿ, ಗೊರವಂಕ, ಮರಕುಟಿಗ, ಪುಟ್ಟ ಗೂಬೆಗಳಿಗೆ ಮನೆ ಸಿಕ್ಕಂತೆ.

ದೇವನಹಳ್ಳಿಯ ಬಸ್ ನಿಲ್ದಾಣದ ಹತ್ತಿರ ಆರು ಗಂಟೆಗೆ ಸೇರಿದಾಗ ನಾವು ಹದಿನಾಲ್ಕು ಜನ ಇದ್ದೆವು. ನಿವೃತ್ತ ಹೈಸ್ಕೂಲು ಮೇಷ್ಟ್ರೊಬ್ಬರು ಮುಂದಾಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ದಂಪತಿ, ಒಬ್ಬ ಆಟೋ ಚಾಲಕ, ಕಾಲೇಜು ಹುಡುಗರು, ಅಪ್ಪನ ಜೊತೆ ಬಂದಿದ್ದ ಏಳನೇ ಕ್ಲಾಸಿನ ಹುಡುಗಿ. ದುರ್ಬೀನು ಇದ್ದದ್ದು ಐದು ಜನರ ಬಳಿ ಮಾತ್ರ. ಉಳಿದವರಿಗೆ ಸರದಿಯಂತೆ ಸಿಗುತ್ತಿತ್ತು.

ರಾತ್ರಿಯೆಲ್ಲ ಉಪವಾಸ ಇದ್ದ ಹಕ್ಕಿಗಳು ಬೆಳಕು ಹರಿಯುತ್ತಲೇ ಮೇವಿಗೆ ಹೊರಡುತ್ತವೆ. ಗಾಳಿ ಕಡಿಮೆ, ಗಲಾಟೆ ಕಡಿಮೆ, ಹಾಗಾಗಿ ಕೂಗು ದೂರದವರೆಗೆ ಕೇಳುತ್ತದೆ. ಬಿಸಿಲು ಏರಿದ ಮೇಲೆ ಬಹುಪಾಲು ಹಕ್ಕಿಗಳು ನೆರಳು ಸೇರಿ ಸುಮ್ಮನಾಗುತ್ತವೆ. ಹದ್ದು, ಗರುಡಗಳು ಮಾತ್ರ ಉಲ್ಟಾ. ನೆಲ ಕಾದು ಬಿಸಿಗಾಳಿ ಮೇಲೇಳುವಾಗ ಅದರ ಮೇಲೆ ತೇಲುವುದು ಅವಕ್ಕೆ ಸುಲಭ.

ಚಳಿಗಾಲಕ್ಕೆ ಇನ್ನೊಂದು ಲಾಭ ಇದೆ. ಹಿಮಾಲಯದ ಕಡೆಯಿಂದ, ಅದರಾಚೆಯಿಂದ ಬರುವ ವಲಸೆ ಹಕ್ಕಿಗಳು ಆಗ ನಮ್ಮ ಊರಿನ ಹೊಲ, ಕೆರೆ ಅಂಗಳಗಳಲ್ಲೇ ಇರುತ್ತವೆ. ಬಾಲ ಕುಣಿಸುತ್ತ ನೀರಿನಂಚಿನಲ್ಲಿ ಓಡಾಡುವ ಬೂದು ಸಿಪಿಲೆಯನ್ನು ನೀವೂ ನೋಡಿರಬಹುದು. ನಮ್ಮಲ್ಲಿ ಅದು ಚಳಿಗಾಲಕ್ಕೆ ಮಾತ್ರ ಬರುವ ನೆಂಟ.

ಹದ್ದೋ, ಗರುಡವೋ?

ತೋಪಿಗೆ ಕಾಲಿಟ್ಟ ಅರ್ಧ ಗಂಟೆಯಲ್ಲೇ ತಲೆಯ ಮೇಲೆ ಆ ಹಕ್ಕಿ ಹಾದುಹೋಯಿತು. ನಮ್ಮಲ್ಲೊಬ್ಬರು “ಗರುಡ!” ಎಂದರು. ಇಬ್ಬರು ಕೈ ಮುಗಿದರು. ನಾವು ಫೋನ್ ಎತ್ತಿ ಫೋಟೋ ತೆಗೆದೆವು, ಕಳಿಸಿದೆವು. ಇಷ್ಟಕ್ಕೆ ಒಂದು ನಿಮಿಷವೂ ಆಗಲಿಲ್ಲ.

ಮೇಷ್ಟ್ರು ಹೌದು ಎನ್ನಲಿಲ್ಲ, ಅಲ್ಲ ಎನ್ನಲೂ ಇಲ್ಲ. “ಬಾಲ ಹೇಗಿತ್ತು?” ಎಂದು ಕೇಳಿದರು. ನಮ್ಮಲ್ಲಿ ಯಾರೂ ಬಾಲ ನೋಡಿರಲಿಲ್ಲ. “ತಲೆ ಬೆಳ್ಳಗಿತ್ತಾ?” ಅದನ್ನೂ ನೋಡಿರಲಿಲ್ಲ. “ಹಾಗಾದರೆ ಗರುಡ ಅಂತ ಹೇಗೆ ಗೊತ್ತಾಯ್ತು?”

ದೊಡ್ಡದಾಗಿತ್ತು, ಮೇಲೆ ತೇಲುತ್ತಿತ್ತು, ಗರುಡ ಕಂಡರೆ ಚೆನ್ನ ಎಂಬ ಆಸೆ ನಮಗಿತ್ತು. ನಮ್ಮ ಹತ್ತಿರ ಇದ್ದ ಪುರಾವೆ ಅಷ್ಟೇ.

ಏಳನೇ ಕ್ಲಾಸಿನ ಹುಡುಗಿ ಮಾತ್ರ ಬಾಲ ನೋಡಿದ್ದಳು. “ಮಧ್ಯೆ ಕತ್ತರಿಸಿದ ಹಾಗಿತ್ತು ಸಾರ್” ಎಂದಳು. ನಮ್ಮ ಫೋಟೋವನ್ನೇ ದೊಡ್ಡದು ಮಾಡಿ ನೋಡಿದಾಗ ಅವಳು ಹೇಳಿದ್ದು ಸರಿಯಾಗಿತ್ತು.

ವ್ಯತ್ಯಾಸ ಇಷ್ಟು. ಗರುಡನ ತಲೆ, ಎದೆ ಬಿಳಿ. ಉಳಿದ ಮೈ ಇಟ್ಟಿಗೆ ಕೆಂಪು. ಬಾಲದ ತುದಿ ದುಂಡಗೆ. ಹದ್ದಿನ ಮೈಯೆಲ್ಲ ಕಂದು. ಬಾಲದ ತುದಿ ನಡುವೆ ಸೀಳಿದಂತೆ ಒಳಕ್ಕೆ ಸರಿದಿರುತ್ತದೆ. ಆದರೆ ಗರುಡನ ಮರಿಗಳು ಬೆಳೆಯುವ ತನಕ ಕಂದು ಬಣ್ಣದಲ್ಲೇ ಇರುತ್ತವೆ. ಹದ್ದು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿದಾಗ ಆ ಸೀಳೂ ಸರಿಯಾಗಿ ಕಾಣುವುದಿಲ್ಲ. ಹಾಗಾಗಿ ಒಂದೇ ಗುರುತು ನೋಡಿ ತೀರ್ಮಾನಕ್ಕೆ ಬರಬಾರದು, ಎರಡು ಮೂರು ಗುರುತು ಹೊಂದಬೇಕು ಎಂಬುದು ಹಕ್ಕಿ ನೋಡುವವರ ನಿಯಮ.

ಅವರು ನೋಡುವ ಕ್ರಮವೂ ಹೆಚ್ಚುಕಡಿಮೆ ಒಂದೇ. ಮೊದಲು ಗಾತ್ರ: ಗುಬ್ಬಚ್ಚಿಯಷ್ಟೇ, ಗೊರವಂಕದಷ್ಟೇ, ಕಾಗೆಯಷ್ಟೇ? ಆಮೇಲೆ ಕೊಕ್ಕು ಮತ್ತು ಬಾಲದ ಆಕಾರ. ಆಮೇಲೆ ನಡವಳಿಕೆ: ನೆಲ ಕೆದಕುತ್ತಿತ್ತೇ, ಕಾಂಡ ಹತ್ತುತ್ತಿತ್ತೇ, ತಂತಿಯ ಮೇಲೆ ಕೂತು ಹಾರಿ ಹುಳ ಹಿಡಿಯುತ್ತಿತ್ತೇ? ಆಮೇಲೆ ಜಾಗ ಮತ್ತು ಕಾಲ. ಬಣ್ಣ ಬರುವುದು ಕೊನೆಗೆ. ಯಾಕೆಂದರೆ ಬಣ್ಣ ಬೆಳಕಿನ ಜೊತೆ ಬದಲಾಗುತ್ತದೆ. ಸೂರ್ಯನಿಗೆ ಎದುರಾಗಿ ನೋಡಿದರೆ ಎಲ್ಲ ಹಕ್ಕಿಯೂ ಕಪ್ಪೇ.

ಅಂದಹಾಗೆ, ಈ ಭಾಗದ ಜನರಿಗೆ ಹದ್ದಿನ ಪರಿಚಯ ಇನ್ನೊಂದು ರೀತಿಯಲ್ಲೂ ಇದೆ. ಯಲಹಂಕದಲ್ಲಿ ಏರೋ ಇಂಡಿಯಾ ನಡೆಯುವಾಗ ಸುತ್ತಲಿನ ಮಾಂಸದ ಅಂಗಡಿಗಳನ್ನು ಕೆಲವು ದಿನ ಮುಚ್ಚಿಸುತ್ತಾರೆ. ಮಾಂಸದ ತ್ಯಾಜ್ಯಕ್ಕೆ ಹದ್ದುಗಳು ಸೇರುತ್ತವೆ, ಅವು ವಿಮಾನಕ್ಕೆ ಬಡಿದರೆ ಅಪಾಯ ಎಂಬುದೇ ಕಾರಣ. ಈ ಆದೇಶ ಬಂದಾಗಲೆಲ್ಲ ಬೇರೆ ಬೇರೆ ಬಣ್ಣ ಕಟ್ಟಿದ ಫಾರ್ವರ್ಡ್‌ಗಳೂ ಬರುವುದುಂಟು. ಅಸಲಿ ವಿಷಯ ಹದ್ದಿನ ಹಸಿವು.

ಗರುಡನನ್ನು ಕಂಡರೆ ಕೈ ಮುಗಿಯುವುದು ಅವರವರ ಭಕ್ತಿ. ಅದನ್ನು ಅಳೆಯುವುದು ನಮ್ಮ ಕೆಲಸ ಅಲ್ಲ. ಕಂಡದ್ದು ಗರುಡನೇ ಅಲ್ಲವೇ ಎಂಬುದನ್ನು ಮಾತ್ರ ನೋಡಿ ಹೇಳಬಹುದು. ನಾವು ನೋಡದೇ ಹೇಳಿದ್ದೆವು.

ಒಂದು ಗೂಬೆ ಶುಭ, ಇನ್ನೊಂದು ಅಶುಭ?

ತೋಪಿನ ನಡುವೆ ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರು ನಮ್ಮನ್ನು ತಡೆದರು. “ಏನ್ ಸ್ವಾಮಿ, ಎಲ್ರೂ ಮೇಲ್ ನೋಡ್ಕಂಡು ಓಡಾಡ್ತಿದ್ದೀರಿ?” ಹಕ್ಕಿ ಎಂದೆವು. “ಹಾಲಕ್ಕಿ ನೋಡ್ಬೇಕಾ? ಬನ್ನಿ” ಎಂದು ಒಂದು ಮುದಿ ಮರದ ಹತ್ತಿರ ಕರೆದುಕೊಂಡು ಹೋದರು. ಪೊಟರೆಯ ಬಾಯಲ್ಲಿ ಎರಡು ಪುಟ್ಟ ಗೂಬೆಗಳು ಒಂದಕ್ಕೊಂದು ಒರಗಿ ಕೂತಿದ್ದವು. ಕಂದು ಮೈ ಮೇಲೆ ಬಿಳಿ ಚುಕ್ಕೆ, ಹಳದಿ ಕಣ್ಣು. ನಮ್ಮನ್ನು ಕಂಡು ತಲೆಯನ್ನು ಮೇಲೆ ಕೆಳಗೆ ಆಡಿಸಿದವು.

ಬುಡುಬುಡಿಕೆಯವರು ಬೆಳಗಿನ ಜಾವ ಬಂದು ಹಾಲಕ್ಕಿ ನುಡಿಯಿತು ಎಂದು ಶಕುನ ಹೇಳುತ್ತಿದ್ದದ್ದು ಹಳೆಯ ತಲೆಮಾರಿನವರಿಗೆ ನೆನಪಿರುತ್ತದೆ. ಆ ಹಾಲಕ್ಕಿ ಇದೇ ಪುಟ್ಟ ಗೂಬೆ. ಅದು ಮನೆಗೆ ಒಳ್ಳೆಯದನ್ನು ನುಡಿಯುತ್ತದೆ ಎಂಬ ನಂಬಿಕೆ ಇತ್ತು. ಅದೇ ನಾವು ದೊಡ್ಡ ಗೂಬೆ ಮನೆಯ ಮೇಲೆ ಕೂತರೆ ಸಾವು ಬರುತ್ತದೆ ಎಂದು ಹೆದರುತ್ತೇವೆ. ಒಂದೇ ಗುಂಪಿಗೆ ಸೇರಿದ ಎರಡು ಹಕ್ಕಿಗಳು. ಒಂದಕ್ಕೆ ದಕ್ಷಿಣೆ, ಇನ್ನೊಂದಕ್ಕೆ ಕಲ್ಲು. ಶುಭ ಅಶುಭ ಹಕ್ಕಿಯ ಒಳಗಿಲ್ಲ, ನಾವು ಕೊಟ್ಟದ್ದು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಗೂಬೆ ಊರಿನ ಹತ್ತಿರ ಬರುವುದಕ್ಕೆ ಕಾರಣ ಸರಳ. ಧಾನ್ಯ ಇದ್ದಲ್ಲಿ ಇಲಿ, ಇಲಿ ಇದ್ದಲ್ಲಿ ಗೂಬೆ. ರೆಕ್ಕೆಯ ಗರಿಗಳ ಅಂಚು ಮೃದುವಾಗಿರುವುದರಿಂದ ಹಾರುವಾಗ ಸದ್ದಾಗುವುದಿಲ್ಲ. ಕತ್ತಲಲ್ಲಿ ಸದ್ದಿಲ್ಲದೆ ಬಂದು ಒಮ್ಮೆಲೇ ಚೀರಿದರೆ ಯಾರಿಗಾದರೂ ಭಯ ಆಗುತ್ತದೆ.

ಈ ಭಯಕ್ಕೆ ಫೋನುಗಳು ಇನ್ನಷ್ಟು ಗಾಳಿ ಹಾಕಿವೆ. 2017ರಲ್ಲಿ ವಿಶಾಖಪಟ್ಟಣದ ಒಂದು ಕಟ್ಟಡದ ಒಳಗೆ ‘ಅನ್ಯಗ್ರಹ ಜೀವಿಗಳು’ ಸಿಕ್ಕಿವೆ ಎಂಬ ವಿಡಿಯೋ ದೇಶವಿಡೀ ಓಡಾಡಿತು. ಅವು ಇನ್ನೂ ಗರಿ ಬರದ ಕಣಜ ಗೂಬೆಯ ಮರಿಗಳು. ಇದು ಬರೀ ತಮಾಷೆಯಾಗಿದ್ದರೆ ಬಿಡಬಹುದಿತ್ತು. ಆದರೆ ಗೂಬೆಗಳನ್ನು ಮಾಟ, ಬಲಿಗಾಗಿ ಹಿಡಿದು ಮಾರುವ ದಂಧೆ ನಮ್ಮ ದೇಶದಲ್ಲಿದೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಇಂಡಿಯಾ ಸಂಸ್ಥೆ 2010ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, 15 ಜಾತಿಯ ಗೂಬೆಗಳು ಈ ಮಾರಾಟದಲ್ಲಿ ಸಿಕ್ಕಿವೆ. ದೀಪಾವಳಿಯ ಹೊತ್ತಿಗೆ ಬೇಡಿಕೆ ಹೆಚ್ಚು. ಗೂಬೆಗೆ ‘ಶಕ್ತಿ’ ಇದೆ ಎನ್ನುವ ಪ್ರತಿಯೊಂದು ಫಾರ್ವರ್ಡ್ ಈ ವ್ಯಾಪಾರಕ್ಕೆ ಪುಕ್ಕಟೆ ಜಾಹೀರಾತು. ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಪ್ರಕಾರ ಗೂಬೆಯನ್ನು ಹಿಡಿಯುವುದು, ಮಾರುವುದು, ಕೊಲ್ಲುವುದು ಅಪರಾಧ. ನಮ್ಮ ಊರಿನ ಹಸಿರು ಗಿಳಿಯನ್ನು ಪಂಜರದಲ್ಲಿಟ್ಟು ಸಾಕುವುದೂ ಇದೇ ಕಾಯ್ದೆಯಡಿ ಅಪರಾಧ ಎಂಬುದು ಹಲವರಿಗೆ ಗೊತ್ತಿಲ್ಲ.

ಗುಬ್ಬಚ್ಚಿಗಳನ್ನು ಮೊಬೈಲ್ ಟವರ್ ಕೊಂದಿತೇ?

ಒಂಬತ್ತೂವರೆಗೆ ತಿಂಡಿಗೆ ನಿಂತೆವು. ಹೋಟೆಲಿನ ಬೋರ್ಡಿನ ಹಿಂದೆ ಗುಬ್ಬಚ್ಚಿ ಗೂಡು. ನಾಲ್ಕು ಅಂಗಡಿ ಆಚೆ ಮೊಬೈಲ್ ಟವರ್. ಒಬ್ಬರು ನಕ್ಕು, “ನೋಡಿ, ಟವರ್ ಪಕ್ಕದಲ್ಲೇ ಇವೆ. ಆ ಫಾರ್ವರ್ಡ್ ಸುಳ್ಳು ಅಂತ ಆಯ್ತಲ್ಲ” ಎಂದರು.

ಬೆಳಗ್ಗೆಯಷ್ಟೇ ಪಾಠ ಕಲಿತಿದ್ದ ನಾವು ಅದನ್ನು ಒಪ್ಪಲಿಲ್ಲ. ಒಂದು ಟವರಿನ ಬಳಿ ಗುಬ್ಬಚ್ಚಿ ಇದೆ ಎಂದು ಟವರ್ ನಿರಪರಾಧಿ ಆಗುವುದಿಲ್ಲ. ಒಂದು ಬೀದಿಯಲ್ಲಿ ಗುಬ್ಬಚ್ಚಿ ಇಲ್ಲ ಎಂದು ಅದು ಅಪರಾಧಿಯೂ ಆಗುವುದಿಲ್ಲ. ಇನ್ನೂ ದೊಡ್ಡ ಲೆಕ್ಕ ಬೇಕು.

ಆ ಲೆಕ್ಕ ಏನು ಹೇಳುತ್ತದೆ? ಬ್ರಿಟನ್ನಿನಲ್ಲಿ ಗುಬ್ಬಚ್ಚಿಗಳು ಕಡಿಮೆಯಾಗಲು ಶುರುವಾದದ್ದು 1970ರ ದಶಕದ ಕೊನೆಯಲ್ಲಿ. ಅಲ್ಲಿ ಮೊಬೈಲ್ ಸೇವೆ ಬಂದದ್ದು 1985ರಲ್ಲಿ. ಟವರ್ ಬರುವ ಮೊದಲೇ ಶುರುವಾದ ಕುಸಿತಕ್ಕೆ ಟವರ್ ಒಂದೇ ಕಾರಣ ಆಗಲಾರದು. 2007ರಲ್ಲಿ ಬೆಲ್ಜಿಯಂನ ಒಂದು ಅಧ್ಯಯನ ಟವರ್ ಸಿಗ್ನಲ್ ಹೆಚ್ಚಿದ್ದ ಕಡೆ ಗಂಡು ಗುಬ್ಬಚ್ಚಿಗಳು ಕಡಿಮೆ ಕಂಡವು ಎಂದಿತ್ತು ನಿಜ. ಆದರೆ ಎರಡು ಸಂಗತಿ ಜೊತೆಯಲ್ಲಿ ಕಾಣುವುದು ಬೇರೆ, ಒಂದು ಇನ್ನೊಂದಕ್ಕೆ ಕಾರಣವಾಗುವುದು ಬೇರೆ. 5ಜಿ ಪರೀಕ್ಷೆಯಿಂದ ನೆದರ್ಲೆಂಡ್ಸಿನ ಹೇಗ್ ನಗರದಲ್ಲಿ ನೂರಾರು ಹಕ್ಕಿಗಳು ಸತ್ತವು ಎಂಬ ಫಾರ್ವರ್ಡ್ ನೆನಪಿದೆಯೇ? ಹಕ್ಕಿಗಳು ಸತ್ತದ್ದು 2018ರ ಅಕ್ಟೋಬರ್, ನವೆಂಬರಿನಲ್ಲಿ. ಅಲ್ಲಿ ಆ ಪರೀಕ್ಷೆ ನಡೆದದ್ದು ಅದೇ ವರ್ಷದ ಜೂನ್ ತಿಂಗಳಲ್ಲಿ.

ನಮ್ಮ ದೇಶದ ಲೆಕ್ಕ 2020ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿಯಲ್ಲಿದೆ. ಕಳೆದ 25 ವರ್ಷಗಳಲ್ಲಿ ಒಟ್ಟು ದೇಶದಲ್ಲಿ ಗುಬ್ಬಚ್ಚಿಗಳ ಸಂಖ್ಯೆ ಹೆಚ್ಚುಕಡಿಮೆ ಸ್ಥಿರವಾಗಿದೆ. ಬೆಂಗಳೂರು ಸೇರಿ ಆರು ಮಹಾನಗರಗಳಲ್ಲಿ ಮಾತ್ರ ನಿಧಾನವಾಗಿ ಇಳಿದಿದೆ. ಅಂದರೆ ‘ಗುಬ್ಬಚ್ಚಿ ಮಾಯ’ ಎಂಬುದು ನಗರದ ಅನುಭವ, ದೇಶದ ಕಥೆ ಅಲ್ಲ.

ನಗರದಲ್ಲಿ ಯಾಕೆ ಇಳಿದಿರಬಹುದು ಎಂಬುದನ್ನು ತೋಪಿನಲ್ಲಿ ಸಿಕ್ಕಿದ್ದ ಹಿರಿಯರು ಒಂದೇ ಮಾತಿನಲ್ಲಿ ಹೇಳಿದ್ದರು. “ಜಂತೆ ಮನೆ ಇದ್ದಾಗ ಸಂದಿ ತುಂಬ ಗುಬ್ಬಿ. ಮೋಲ್ಡ್ ಹಾಕಿಸಿದ್ವಿ, ಹೋದ್ವು.” ಗುಬ್ಬಚ್ಚಿ ಗೂಡು ಕಟ್ಟುವುದು ಸಂದಿಗೊಂದಿಗಳಲ್ಲಿ. ಮರಿಗಳಿಗೆ ಮೊದಲ ದಿನಗಳಲ್ಲಿ ಕಾಳಲ್ಲ, ಹುಳ ಬೇಕು. ಗೋಡೆಗೆ ಸಂದಿ ಇಲ್ಲ, ಅಂಗಳಕ್ಕೆ ಸಿಮೆಂಟು, ಬೇಲಿ ಹೋಗಿ ಕಾಂಪೌಂಡು ಬಂತು ಎಂದರೆ ಗೂಡೂ ಇಲ್ಲ, ಹುಳವೂ ಇಲ್ಲ.

ಟವರಿನ ಫಾರ್ವರ್ಡ್ ನಮಗೆ ಇಷ್ಟವಾಗುವುದು ಅದರಲ್ಲಿ ತಪ್ಪು ಬೇರೆಯವರದು ಎಂಬ ಕಾರಣಕ್ಕೆ. ನಮ್ಮ ಮನೆ, ನಮ್ಮ ಬಡಾವಣೆ, ನಾವು ಕೊಳ್ಳುವ ಸೈಟು ಅದರಲ್ಲಿ ಬರುವುದಿಲ್ಲ.

ಕಾಗೆಯನ್ನೂ ಬರೆಯುವುದು ಯಾಕೆ?

ಈ ವರದಿಗೆ ಲೆಕ್ಕ ಬಂದದ್ದು ಎಲ್ಲಿಂದ? ದೇಶದ ಉದ್ದಗಲಕ್ಕೆ ನಮ್ಮಂಥವರು ಹೀಗೆ ಭಾನುವಾರ ಬೆಳಗ್ಗೆ ಹೋಗಿ ಬರೆದ ಪಟ್ಟಿಗಳಿಂದ. 2020ರ ವರದಿಗೆ ಸುಮಾರು 15,500 ಜನರ ದಾಖಲೆ ಬಳಸಿದ್ದರು. 2023ರ ವರದಿಗೆ ಸುಮಾರು 30,000 ಜನರ ದಾಖಲೆ ಸಿಕ್ಕಿತು. ಇವು ಸೇರುವುದು ಇ-ಬರ್ಡ್ ಎಂಬ ಉಚಿತ ಆ್ಯಪಿನಲ್ಲಿ.

ಅದರಲ್ಲಿ ಗುರುತಿಸಿದ ಎಲ್ಲ ಹಕ್ಕಿಗಳನ್ನೂ ಬರೆಯಬೇಕು. ಎಷ್ಟು ಹೊತ್ತು, ಎಷ್ಟು ದೂರ ನಡೆದಿರಿ ಎಂಬುದನ್ನೂ ಹಾಕಬೇಕು. ಕಾಗೆ, ಗೊರವಂಕ ಎಂದು ಬಿಡುವಂತಿಲ್ಲ. ಇವತ್ತಿನ ಕಾಗೆ ನಾಳೆ ಕಡಿಮೆಯಾದರೆ ಗೊತ್ತಾಗುವುದು ಇವತ್ತು ಬರೆದಿದ್ದರೆ ಮಾತ್ರ. ನಮ್ಮ ರಾಜ್ಯ ಪಕ್ಷಿ ನೀಲಕಂಠದ ವಿಷಯದಲ್ಲಿ ಆದದ್ದೇ ಅದು. ಹೊಲದ ತಂತಿಯ ಮೇಲೆ ಕಾಣುತ್ತಲೇ ಇರುತ್ತದೆ, ಹಾಗಾಗಿ ಚೆನ್ನಾಗೇ ಇದೆ ಎಂದುಕೊಂಡಿದ್ದೆವು. ಶೇ. 30 ಅಥವಾ ಹೆಚ್ಚು ಕುಸಿದಿರುವುದರಿಂದ ಜಾಗತಿಕ ಪಟ್ಟಿಯಲ್ಲಿ ಮತ್ತೆ ಪರಿಶೀಲಿಸಬೇಕು ಎಂದು 2023ರ ವರದಿ ಹೆಸರಿಸಿದ ಹಕ್ಕಿಗಳಲ್ಲಿ ನೀಲಕಂಠವೂ ಇದೆ. ಬಯಲು, ಹುಲ್ಲುಗಾವಲು ನೆಚ್ಚಿದ ಹಕ್ಕಿಗಳು ಹೆಚ್ಚು ಕುಸಿದಿವೆ ಎನ್ನುತ್ತದೆ ಅದೇ ವರದಿ. 2008ರಲ್ಲಿ ವಿಮಾನ ನಿಲ್ದಾಣ ಬಂದ ಮೇಲೆ ದೇವನಹಳ್ಳಿ ಸುತ್ತ ಬಯಲು ಏನಾಗಿದೆ ಎಂಬುದನ್ನು ಇಲ್ಲಿನವರಿಗೆ ನಾವು ಹೇಳಬೇಕಿಲ್ಲ.

ಆ ಆ್ಯಪಿನಲ್ಲಿ ನಮಗೆ ಬಹಳ ಹಿಡಿಸಿದ್ದು ಇನ್ನೊಂದು. ಖಚಿತವಾಗಿ ಗೊತ್ತಾಗದ ಹಕ್ಕಿಯನ್ನು ‘ಹದ್ದಿನ ಜಾತಿಯ ಯಾವುದೋ ಒಂದು’ ಎಂದು ಬರೆಯಲು ಜಾಗ ಇದೆ. ‘ಗೊತ್ತಾಗಲಿಲ್ಲ’ ಎನ್ನುವುದೂ ಅಲ್ಲಿ ಒಂದು ಮಾಹಿತಿ.

ನೀವು ಹೋಗುವುದಾದರೆ

ದುಬಾರಿ ಕ್ಯಾಮೆರಾ ಬೇಡ. ಟೋಪಿ, ನೀರು, ನೋಟ್‌ಬುಕ್ಕು, ಕಣ್ಣಿಗೆ ಹೊಡೆಯದ ಬಣ್ಣದ ಬಟ್ಟೆ ಸಾಕು. ಬೆಂಗಳೂರಿನಲ್ಲಿ 1970ರ ದಶಕದಿಂದಲೂ ಬರ್ಡ್‌ವಾಚರ್ಸ್ ಫೀಲ್ಡ್ ಕ್ಲಬ್ ಇದೆ, ಹೊಸಬರಿಗೂ ಸ್ವಾಗತ ಇರುತ್ತದೆ. ಕನ್ನಡದಲ್ಲಿ ಓದಲು ಪೂರ್ಣಚಂದ್ರ ತೇಜಸ್ವಿಯವರ ‘ಹಕ್ಕಿ ಪುಕ್ಕ’ ಇದೆ. ಪ್ರತಿ ವರ್ಷ ಫೆಬ್ರುವರಿಯಲ್ಲಿ ನಾಲ್ಕು ದಿನ ನಡೆಯುವ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ನಲ್ಲಿ ಮನೆಯ ಟೆರೇಸಿನಿಂದಲೇ ಹದಿನೈದು ನಿಮಿಷ ಎಣಿಸಿ ಸೇರಿಸಬಹುದು.

ಫೋನು ಹಿಡಿದು ಹೋಗುವವರಿಗೆ ನಾಲ್ಕು ಮಾತು:

1. ಹಕ್ಕಿ ಹತ್ತಿರ ಬರಲಿ ಎಂದು ಅದರ ಕೂಗನ್ನು ಫೋನಿನಲ್ಲಿ ಹಾಕಬೇಡಿ. ಎದುರಾಳಿ ಬಂದಿದೆ ಎಂದು ಅದು ಮೇವು, ಮರಿ ಬಿಟ್ಟು ಹುಡುಕಾಡುತ್ತದೆ.

2. ಗೂಡಿನ ಫೋಟೋವನ್ನು, ಅದು ಇರುವ ಜಾಗವನ್ನು ಗ್ರೂಪಿಗೆ ಹಾಕಬೇಡಿ. ಹಾಲಕ್ಕಿ ಇದ್ದ ಮರ ಯಾವುದು ಎಂದು ನಾವು ಇಲ್ಲಿ ಬರೆಯದಿರುವುದೂ ಅದಕ್ಕೇ.

3. ಕೂಗು ಕೇಳಿ ಹೆಸರು ಹೇಳುವ ಮರ್ಲಿನ್‌ನಂಥ ಆ್ಯಪ್ ಸುಳಿವು ಕೊಡುತ್ತದೆ, ತೀರ್ಪು ಕೊಡುವುದಿಲ್ಲ. ಕಣ್ಣಿಂದ ನೋಡಿ ಹೊಂದಿಸಿ.

4. ನೆಲಕ್ಕೆ ಬಿದ್ದ ಮರಿಯನ್ನು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬುದು ಸುಳ್ಳು. ಗರಿ ಬಂದಿದ್ದರೆ ಅದು ಹಾರಲು ಕಲಿಯುತ್ತಿರಬಹುದು, ಹತ್ತಿರದ ಕೊಂಬೆಯ ಮೇಲೆ ಬಿಟ್ಟು ದೂರ ಸರಿಯಿರಿ. ಗರಿ ಇಲ್ಲದ ಮರಿಯಾದರೆ, ಗೂಡು ಕಂಡರೆ ಅದರಲ್ಲೇ ಇಡಿ.

ಕೊನೆಗೆ ಆ ಫೋಟೋ ವಿಷಯ

ಬಾಲ ನೋಡಿ ತಪ್ಪು ಗೊತ್ತಾದ ಕೂಡಲೇ ಮನೆಯ ಗ್ರೂಪಿನಲ್ಲಿ ನಮ್ಮ ಸಂದೇಶವನ್ನು ಎಲ್ಲರಿಗೂ ಅಳಿಸಿದೆವು. ಅಷ್ಟರಲ್ಲಿ ದೊಡ್ಡಮ್ಮ ಅದನ್ನು ಎರಡು ಗ್ರೂಪಿಗೆ ಕಳಿಸಿಯಾಗಿತ್ತು. ನಾವು ಅಳಿಸಿದರೆ ನಮ್ಮ ಪ್ರತಿ ಮಾತ್ರ ಹೋಗುತ್ತದೆ, ಮುಂದೆ ದಾಟಿದ ಪ್ರತಿಗಳು ಹಾಗೇ ಉಳಿಯುತ್ತವೆ. ಶುಭಫಲ ಮತ್ತು ಹನ್ನೊಂದು ಜನರ ಮಾತು ದಾರಿಯಲ್ಲಿ ಯಾರೋ ಸೇರಿಸಿದ್ದು.

ಗಮನಿಸಿ, ಆ ಫೋಟೋವನ್ನು ಯಾವ ತಂತ್ರದಿಂದ ಪರಿಶೀಲಿಸಿದ್ದರೂ ಅದು ಅಸಲಿ ಎಂದೇ ಬರುತ್ತಿತ್ತು. ಜಾಗ ನಿಜ, ದಿನ ನಿಜ, ಹಕ್ಕಿ ನಿಜ. ಹೆಸರು ಮಾತ್ರ ಸುಳ್ಳು. ಸುಳ್ಳು ಫಾರ್ವರ್ಡ್‌ ಕಳಿಸಲು ಯಾರೂ ಮೋಸಗಾರರೇ ಆಗಬೇಕಿಲ್ಲ. ಅವಸರದಲ್ಲಿರುವ ಒಳ್ಳೆಯವರೂ ಸಾಕು.

ಸಂಜೆ ದೊಡ್ಡಮ್ಮನಿಗೆ ಫೋನ್ ಮಾಡಿ ಬಾಲದ ವಿಷಯ ಹೇಳಿದೆವು. “ಅಯ್ಯೋ, ಹದ್ದಾ? ನಾನು ಕೈ ಬೇರೆ ಮುಗಿದೆನಲ್ಲೋ” ಎಂದು ನಕ್ಕರು. ಆಮೇಲೆ ತಾವು ಕಳಿಸಿದ್ದ ಎರಡೂ ಗ್ರೂಪಿಗೆ “ಅದು ಗರುಡ ಅಲ್ಲ, ಹದ್ದು, ಬಾಲ ಸೀಳಿದೆ ನೋಡಿ” ಎಂದು ಬರೆದು ಹಾಕಿದರು. ಆ ಸಂದೇಶ ಎರಡು ಬಾಣ ಪಡೆದು ನಮಗೆ ವಾಪಸ್ ಬರಲಿಲ್ಲ, ಬರುತ್ತದೆ ಎಂಬ ನಿರೀಕ್ಷೆಯೂ ಇಲ್ಲ. ಆದರೆ ಮುಂದಿನ ವಾರ ದೊಡ್ಡಮ್ಮ ತಮ್ಮ ಮನೆಯ ಮೇಲೆ ಹಾರಿದ ಒಂದು ಹಕ್ಕಿಯ ಮಸುಕು ಫೋಟೋ ಕಳಿಸಿದರು. ಜೊತೆಗೆ ಒಂದು ಪ್ರಶ್ನೆ ಇತ್ತು: “ಬಾಲ ದುಂಡಗಿದೆ, ತಲೆ ಸರಿಯಾಗಿ ಕಾಣಲಿಲ್ಲ. ಏನಿರಬಹುದು?”